ಮಗುವಿನ ಮೈ, ಮಗುವಿನ ಮಾತು

ಕಾರವಾರದ ಬೈತಖೋಲದಿಂದ ಅಂಕೋಲೆಯ ಬೇಲೆಕೇರಿಯವರೆಗೆ ಕಡಲಂಚಿನಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಅವರ ಹಿರಿಯರು ಸಮುದ್ರದ ವಿಷಯದಲ್ಲಿ ಕೊಡುವ ಶಿಕ್ಷಣವು ಗಮನಿಸತಕ್ಕಂಥದು. ಆಷಾಢದ ನೀರಿಗೆ ಇಳಿಯಕೂಡದೆಂದೂ, ಇಳಿತದ ಹೊತ್ತಿನ ಸೆಳೆತವು ಮೇಲ್ನೋಟಕ್ಕೆ ಗೋಚರವಾಗದೆಂದೂ, ಕಾಳಿನದಿಯ ಅಳಿವೆಯಲ್ಲಿ ಕಾಲಡಿಯ ಮರಳು ಹೇಳದೆ ಕೇಳದೆ ಜಾರಿಹೋಗುವುದೆಂದೂ ತಂದೆಯು ಮಗನಿಗೆ ತಿಳಿಸುವಾಗ ಅವನ ಧ್ವನಿಯಲ್ಲಿ ಲಜ್ಜೆಯ ಲೇಶವೂ ಇರುವುದಿಲ್ಲ. ಮಗುವನ್ನು ಹೆದರಿಸಿ ನೀರಿನಿಂದ ಶಾಶ್ವತವಾಗಿ ದೂರವಿಡಬೇಕೆಂಬ ಉದ್ದೇಶವಂತೂ ಇರುವುದೇ ಇಲ್ಲ, ಏಕೆಂದರೆ ಅದೇ ಮಗುವು ನಾಳೆ ದೋಣಿಯನ್ನೇರಬೇಕಾಗಿದೆ. ಆದರೆ ಆ ತಂದೆಗೇ, ಮಗುವಿನ ಸ್ವಂತ ಶರೀರದ ವಿಷಯವಾಗಿ, ಅದರ ಮರ್ಯಾದೆ ಮತ್ತು ರಕ್ಷಣೆಯ ವಿಷಯವಾಗಿ ನಾಲ್ಕು ಮಾತು ಹೇಳಿರೆಂದರೆ, ಅವನು ತಾಯಿಯ ಮುಖ ನೋಡುತ್ತಾನೆ. ತಾಯಿಯು ಅತ್ತೆಯ ಮುಖ ನೋಡುತ್ತಾಳೆ. ಅಜ್ಜಿಯು "ದೊಡ್ಡಾದ ಮೇಲೆ ತನ್ನಷ್ಟಕ್ಕೇ ತಿಳೀತದೆ" ಎಂದು ವೀಳ್ಯದೆಲೆಗೆ ಸುಣ್ಣ ಸವರುತ್ತಾಳೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಮಗುವು ಈ ವಿಷಯದಲ್ಲಿ ಏನನ್ನೂ ಕಲಿಯದೆ ಉಳಿಯುತ್ತದೆಂದು ಭಾವಿಸಿದರೆ ಅದು ಭ್ರಮೆ. ಎರಡು ಪಾಠಗಳನ್ನು ನಾವು ಅದಕ್ಕೆ ಮೂರು ವರ್ಷ ತುಂಬುವ ಮೊದಲೇ ಕಂಠಪಾಠ ಮಾಡಿಸಿರುತ್ತೇವೆ. ಸ್ನಾನ ಮುಗಿಸಿ ಬಚ್ಚಲಿನಿಂದ ಬರಿಮೈಯಲ್ಲಿ ಜಗುಲಿಗೆ ಓಡಿಬಂದ ಕೂಸನ್ನು ಕಂಡು ಮನೆಮಂದಿಯೆಲ್ಲ "ಶೇಮ್ ಶೇಮ್" ಎಂದು ಚಪ್ಪಾಳೆ ತಟ್ಟುವಾಗ, ತನ್ನ ದೇಹದಲ್ಲಿ ನಾಚಿಕೆಪಡಬೇಕಾದದ್ದು, ಹೆಸರು ಹೇಳಬಾರದ್ದು ಏನೋ ಒಂದಿದೆಯೆಂಬ ಪಾಠವು ಮೊದಲನೆಯದು. ಗೋವೆಯಿಂದ ಹಬ್ಬಕ್ಕೆ ಬಂದ ಮಾಮ ಕೆನ್ನೆ ಹಿಂಡಿದಾಗ ಮುಖ ತಿರುಗಿಸಿದ ಹುಡುಗಿಯನ್ನು "ಹಾಗೆಲ್ಲ ಮಾಡೂಕಾಗ ತಂಗಿ, ಮಾಮಂಗೆ ಒಂದು ಮುತ್ತು ಕೊಡು" ಎಂದು ಮುಂದಕ್ಕೆ ದೂಡುವಾಗ, ದೊಡ್ಡವರ ಇಚ್ಛೆಯ ಮುಂದೆ ತನ್ನ ಮೈಯ ಅನಿಚ್ಛೆಗೆ ಬೆಲೆಯಿಲ್ಲವೆಂಬ ಪಾಠವು ಎರಡನೆಯದು. ಹೇಳುವವರೆಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಕ್ಕಳಿಗೆ ಕೇಡೆಣಿಸುವವನಿಗೆ ಬೇಕಾದ ಉಪಕರಣಗಳು ಈ ಎರಡೇ: ಬಾಯಿ ಕಟ್ಟುವ ನಾಚಿಕೆ, ಕೈಕಾಲು ಕಟ್ಟುವ ವಿಧೇಯತೆ. ಅವನು ಹೊಸದಾಗಿ ಏನನ್ನೂ ತರಬೇಕಾಗಿಲ್ಲ. ನಾವು ಸಿದ್ಧಪಡಿಸಿ ಇಟ್ಟದ್ದನ್ನು ಎತ್ತಿಕೊಂಡರೆ ಸಾಕು.

ಆ ಕೇಡಿಗನು ಎಲ್ಲಿಂದ ಬರುತ್ತಾನೆಂಬ ವಿಷಯದಲ್ಲಿಯೂ ನಮ್ಮ ಕಲ್ಪನೆಯು ತಪ್ಪುದಾರಿಯನ್ನು ಹಿಡಿದಿದೆ. ಚೀಲ ಹೊತ್ತ ಅಪರಿಚಿತ, ನಿಲ್ದಾಣದಲ್ಲಿ ಅಲೆಯುವ ಪರದೇಶಿ, ಮಿಠಾಯಿ ತೋರಿಸಿ ಕರೆಯುವ ದಾರಿಹೋಕ: ನಮ್ಮ ಭಯವೆಲ್ಲ ಇವರ ಮೇಲೆ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದರೆಂಬ ಕಾರಣಕ್ಕಾಗಿ ಹೈದರಾಬಾದಿನಿಂದ ಬಂದ ಯುವಕರ ಮೇಲೆ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯಿಂದ ಉದ್ರಿಕ್ತವಾದ ಗುಂಪು ಬಿದ್ದು ಒಬ್ಬನನ್ನು ಕೊಂದೇಬಿಟ್ಟಿತು. ಇತ್ತ, ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗವು ಪ್ರಕಟಿಸುವ ಲೆಕ್ಕವು, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ವರ್ಷ ವರ್ಷವೂ ಸಾರುತ್ತಿದೆ. ಬಂಧು, ನೆರೆಯವ, ಮನೆಪಾಠದ ಮೇಷ್ಟರು, ಶಾಲೆಯ ವಾಹನದ ಚಾಲಕ, ಕುಟುಂಬದ ಹಿತೈಷಿ. ಇಂಥವನಿಗೆ ಬಾಗಿಲು ಒಡೆಯುವ ಪ್ರಯಾಸವಿಲ್ಲ. ಮನೆಯವರೇ ಬಾಗಿಲು ತೆರೆದು ಚಹ ಕೊಡುತ್ತಾರೆ.

2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಪ್ರಕಟಿಸಿದ ಅಧ್ಯಯನವು, ನಮ್ಮ ನೆರೆಯ ಗೋವೆಯೂ ಸೇರಿದಂತೆ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ, ಅವರಲ್ಲಿ ನೂರಕ್ಕೆ 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡನೆಗೆ ಒಳಗಾದದ್ದನ್ನು ಹೇಳಿಕೊಂಡರು. ಹಾಗೆ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ಹುಡುಗಿಯರನ್ನು ಕಾದರೆ ಸಾಕು, ಹುಡುಗನಿಗೇನಾಗುತ್ತದೆ ಎಂಬ ನಮ್ಮ ಗೃಹಸ್ಥರ ಸಮಾಧಾನಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ಆ ಉತ್ತರಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಯೂ ಇಲ್ಲ. ಕಾರವಾರದ ಜನರು ನೌಕರಿಗೆಂದು, ಆಸ್ಪತ್ರೆಗೆಂದು, ಬಟ್ಟೆಬರೆ ಕೊಳ್ಳಲೆಂದು ನಿತ್ಯ ಹೋಗಿಬರುವ ಮಡಗಾವಿನಲ್ಲಿ ಫ್ರೆಡ್ಡಿ ಪೀಟ್ಸ್ ಎಂಬ ವೃದ್ಧನೊಬ್ಬನು ಅನಾಥ ಮತ್ತು ಬಡ ಬಾಲಕರಿಗಾಗಿ ಒಂದು ಆಶ್ರಯಧಾಮವನ್ನು ನಡೆಸುತ್ತಿದ್ದನು. ಅದಕ್ಕೆ ಇಟ್ಟ ಹೆಸರು ಗುರುಕುಲ. ಊರವರ ಕಣ್ಣಿಗೆ ಅವನು ಪರೋಪಕಾರಿ. 1991ರಲ್ಲಿ ಅವನ ಬಂಧನವಾದಾಗ, ಆ ಧಾಮದ ಬಾಲಕರನ್ನು ಅವನು ತಾನೂ ಪೀಡಿಸಿ ಪರದೇಶದ ಪ್ರವಾಸಿಗರಿಗೂ ಒದಗಿಸುತ್ತಿದ್ದನೆಂಬ ಭೀಕರ ಸಂಗತಿಯು, ಅವನೇ ಕೂಡಿಟ್ಟಿದ್ದ ಛಾಯಾಚಿತ್ರಗಳ ರಾಶಿಯ ಸಮೇತ ಹೊರಬಿದ್ದಿತು. 1996ರಲ್ಲಿ ನ್ಯಾಯಾಲಯವು ಅವನಿಗೆ ಆಜೀವ ಕಾರಾವಾಸವನ್ನು ವಿಧಿಸಿತು. 2003ರಲ್ಲಿ ಗೋವೆಯು ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಿಕೊಂಡಿತು. ಉಪಕಾರಿಯೆಂಬ ಬಿರುದು ಎಷ್ಟು ಗಟ್ಟಿಯಾದ ಮುಖವಾಡವೆಂಬುದನ್ನು ಈ ಪ್ರಕರಣವು ತೋರಿಸಿಕೊಟ್ಟಷ್ಟು ನಿಚ್ಚಳವಾಗಿ ಮತ್ತೊಂದು ತೋರಿಸಿದ್ದನ್ನು ನಾನರಿಯೆ.

ಅಂದಮೇಲೆ ನಮ್ಮ ರಾಜ್ಯವು ಏನು ಮಾಡಿತು? ಕೇಂದ್ರದ ಆ ಅಧ್ಯಯನವು ಪ್ರಕಟವಾದ 2007ನೆಯ ಇಸವಿಯಲ್ಲಿಯೇ, ಶಾಲೆಗಳಲ್ಲಿ ನಡೆಸಬೇಕೆಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು, ಅದು ನಮ್ಮ ಸಂಸ್ಕೃತಿಗೆ ಒಗ್ಗದೆಂಬ ಕೂಗಿಗೆ ಮಣಿದು ನಿಷೇಧಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು. ಒಂದು ಕೈಯಲ್ಲಿ ರೋಗದ ವರದಿ, ಇನ್ನೊಂದು ಕೈಯಿಂದ ಔಷಧದ ನಿರಾಕರಣೆ! ಸಂಸ್ಕೃತಿಯ ಹೆಸರಿನ ಈ ಆಕ್ಷೇಪವನ್ನು ನಾನು ಲಘುವಾಗಿ ತಳ್ಳಿಹಾಕುವವನಲ್ಲ. ಆದರೆ ಕನ್ನಡದ ಸಂಸ್ಕೃತಿಗೆ ಶರೀರದ ಮಾತು ಅಪರಿಚಿತವೆಂಬುದು ಸತ್ಯಕ್ಕೆ ದೂರವಾದದ್ದು. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನರು 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಯಂಥ ಗ್ರಂಥಗಳಲ್ಲಿ ದೇಹದ ಅಂಗಗಳ ಹೆಸರುಗಳನ್ನೂ ಅವುಗಳ ಧರ್ಮವನ್ನೂ, ಅಶ್ಲೀಲಕ್ಕೂ ಬಿಗುಮಾನಕ್ಕೂ ಎಡೆಗೊಡದ ಕನ್ನಡದಲ್ಲಿ ಬರೆದರು, ಗೃಹಿಣಿಯರು ಅವನ್ನು ಓದಿದರು, ಸಂಸ್ಕೃತಿಗೆ ಕುಂದೇನೂ ಬರಲಿಲ್ಲ.

ಇನ್ನು ಅಂಕೋಲೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ಮೈ ಮುಚ್ಚುವುದು ಬೇರೆ, ಮೈಯ ಮರ್ಯಾದೆ ಬೇರೆ ಎಂಬ ವಿವೇಕವು ನಿಮ್ಮ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿದೆ. ಕುಪ್ಪಸವಿಲ್ಲದೆ ಸೀರೆಯನ್ನು ಹೆಗಲಿಗೆ ಬಿಗಿದು, ಕೊರಳ ತುಂಬ ಮಣಿಸರಗಳ ಹೊರೆಯನ್ನು ಧರಿಸುವ ಆ ಹಿರಿಯ ಹೆಂಗಸರನ್ನು ಅಸಭ್ಯರೆಂದು ಕರೆಯುವ ಎದೆಗಾರಿಕೆ ಯಾರಿಗಿದೆ? ಹೊನ್ನಳ್ಳಿಯ ತುಳಸಿ ಗೌಡರು ಅದೇ ಉಡುಪಿನಲ್ಲಿ, ಬರಿಗಾಲಿನಲ್ಲಿ, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ನೆಲಗಂಬಳಿಯ ಮೇಲೆ ನಡೆದುಹೋಗಿ ಪದ್ಮಶ್ರೀಯನ್ನು ಸ್ವೀಕರಿಸಿದಾಗ ದೇಶವೇ ಎದ್ದುನಿಂತು ಗೌರವಿಸಿತು. ಆದಕಾರಣ, "ಸರಿಯಾದ ಬಟ್ಟೆ ಹಾಕಿಕೋ, ಆಗ ಯಾರೂ ಏನೂ ಮಾಡುವುದಿಲ್ಲ" ಎಂಬ ಉಪದೇಶದಿಂದ ಮಗುವಿನ ರಕ್ಷಣೆಯನ್ನು ಆರಂಭಿಸುವವರು ತಪ್ಪು ತುದಿಯಿಂದ ಹೊರಟಿದ್ದಾರೆ. ತಪ್ಪು ಕೈಯದು, ಅಂಗಿಯದಲ್ಲ. ನಾಳೆ ಏನಾದರೂ ಸಂಭವಿಸಿದರೆ, ಈ ಉಪದೇಶವನ್ನು ನೆನೆದ ಮಗುವು ಅಪರಾಧವನ್ನು ತನ್ನ ಮೇಲೆಯೇ ಹೊತ್ತುಕೊಂಡು ಸುಮ್ಮನಾಗಿಬಿಡುತ್ತದೆ.

ಹಾಗಾದರೆ ಏನು ಹೇಳಬೇಕು, ಎಂದು ಹೇಳಬೇಕು? ಇದಕ್ಕೆ ಮುಹೂರ್ತವಿಡಬೇಕಾಗಿಲ್ಲ, ಗಂಭೀರ ಮುಖಮಾಡಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಉಪನ್ಯಾಸ ಮಾಡಬೇಕಾಗಿಯೂ ಇಲ್ಲ. ಹಾಗೆ ಮಾಡಿದರೆ ಮಗುವು ಹೆದರುವುದೇ ಹೆಚ್ಚು. ಎರಡು ಮೂರು ವರ್ಷದ ಕೂಸಿಗೆ ಮೀಯಿಸುವ ಹೊತ್ತೇ ಪ್ರಶಸ್ತ ಕಾಲ. ಇದು ಮೂಗು, ಇದು ಮೊಣಕಾಲು ಎಂದು ಹೆಸರಿಸುತ್ತ ನೀರೆರೆಯುವ ತಾಯಿಯು, ಅದೇ ಧ್ವನಿಯಲ್ಲಿ, ನಡುವೆ ನುಂಗಿಹಾಕದೆ, ಉಳಿದ ಅಂಗಗಳ ಹೆಸರನ್ನೂ ಹೇಳಿದರೆ ಅರ್ಧ ಕೆಲಸವು ಮುಗಿಯಿತು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ಕಾರವಾರದ ಮಗುವಿಗೆ ಮೂರರಲ್ಲಿಯೂ ಕೈಗೆ ಹತ್ತತ್ತು ಹೆಸರುಗಳು ಗೊತ್ತು, ಗುಪ್ತಾಂಗಕ್ಕೆ ಒಂದೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಕಡೆ ನೋವಾದರೆ ಅದು ವೈದ್ಯರಿಗಾದರೂ ಏನೆಂದು ಹೇಳೀತು? ಮನೆಯ ಮುದ್ದಿನ ಹೆಸರಾದರೂ ಸರಿ. ಶಿಕ್ಷಕಿಗೂ ವೈದ್ಯರಿಗೂ ಅರ್ಥವಾಗುವ ಒಂದು ಹೆಸರು ಅದರ ಜೊತೆಗಿರಲಿ.

ಮುಂದಿನ ಮಾತು ಸ್ಪರ್ಶದ ವಿಷಯ. ಚಡ್ಡಿಯೊಳಗಿನ ಮೈ ನಿನ್ನದು, ಅದನ್ನು ತೊಳೆಯುವುದಕ್ಕೆ, ಔಷಧ ಹಚ್ಚುವುದಕ್ಕೆ ಹೊರತು ಯಾರೂ ಮುಟ್ಟುವ ಹಾಗಿಲ್ಲ, ತಮ್ಮದನ್ನು ಮುಟ್ಟೆಂದೂ ನೋಡೆಂದೂ ನಿನಗೆ ಹೇಳುವ ಹಾಗಿಲ್ಲ, ಮೊಬೈಲಿನಲ್ಲಿ ಅಂಥ ಚಿತ್ರ ತೆಗೆಯುವ ಹಾಗಾಗಲಿ ತೋರಿಸುವ ಹಾಗಾಗಲಿ ಇಲ್ಲ: ಇಷ್ಟನ್ನು ನಾಲ್ಕು ವರ್ಷದ ಮಗುವು ಸಲೀಸಾಗಿ ಗ್ರಹಿಸುತ್ತದೆ. ಗ್ರಹಿಸಿ ಸುಮ್ಮನಿರುವುದೂ ಇಲ್ಲ, ಪ್ರಶ್ನೆ ಹಾಕುತ್ತದೆ. "ಮತ್ತೆ ಡಾಕ್ಟರು?" ಎಂದು ಕೇಳಿದರೆ "ನಾ ಸಂಗ್ತಿಗೆ ಇದ್ರೆ ಅಡ್ಡಿಲ್ಲ" ಎಂದರೆ ತೀರಿತು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ವಿಂಗಡಣೆಯು ಈಗ ಶಾಲೆಗಳಲ್ಲಿ ಬಹಳವಾಗಿ ಪ್ರಚಲಿತವಾಗಿದೆ. ನನಗೆ ಅದರಲ್ಲಿ ಒಂದು ಕೊರತೆಯು ಕಾಣುತ್ತದೆ. ಕೇಡಿಗನ ಸ್ಪರ್ಶವು ಎಲ್ಲ ಕಾಲದಲ್ಲಿಯೂ ನೋವನ್ನುಂಟುಮಾಡುವುದಿಲ್ಲ, ಆಟದ ರೂಪದಲ್ಲಿ, ಕಚಗುಳಿಯ ರೂಪದಲ್ಲಿ ಆರಂಭವಾಗುತ್ತದೆ; ಚುಚ್ಚುಮದ್ದು ಕೊಡುವ ದಾದಿಯ ಸ್ಪರ್ಶವು ನೋಯಿಸುತ್ತದೆ. ಹಿತ ಅಹಿತಗಳ ಅನುಭವವನ್ನು ಅಳತೆಗೋಲಾಗಿ ಕೊಟ್ಟರೆ ಮಗುವು ಗೊಂದಲಕ್ಕೆ ಬೀಳುತ್ತದೆ. ಯಾವ ಜಾಗ, ಯಾವ ಕಾರಣ, ಮುಚ್ಚಿಡೆಂದು ಹೇಳಿದರೋ ಇಲ್ಲವೋ, ಎಂಬ ನಿಯಮವೇ ಹೆಚ್ಚು ನಂಬತಕ್ಕದ್ದು.

ಇವುಗಳಲ್ಲಿ ಕೊನೆಯದು, ಅಂದರೆ ಗುಟ್ಟಿನ ವಿಷಯ, ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಮಗುವನ್ನು ಪೀಡಿಸಲೆಣಿಸಿದವನು ಮೊದಲು ಅದರೊಡನೆ ಒಂದು ಸಣ್ಣ, ನಿರಪಾಯವಾದ ಗುಟ್ಟನ್ನು ಹಂಚಿಕೊಂಡು ನೋಡುತ್ತಾನೆ: ಒಂದು ಪೆಪ್ಪರಮಿಂಟು ಕೊಟ್ಟು "ಆಯಿಗೆ ಹೇಳಬೇಡ" ಎನ್ನುತ್ತಾನೆ. ಮಗುವು ಹೇಳದಿದ್ದರೆ ಮುಂದಿನ ಹೆಜ್ಜೆಯನ್ನಿಡುತ್ತಾನೆ. ಅಜ್ಜನ ಹುಟ್ಟುಹಬ್ಬಕ್ಕೆ ತಂದ ಪಂಚೆಯನ್ನು ಸಂಜೆಯವರೆಗೆ ಮುಚ್ಚಿಡುವುದು ಬೇರೆ, ಆಯಿಗೆ ಎಂದೆಂದಿಗೂ ಹೇಳಬಾರದ ಗುಟ್ಟು ಬೇರೆ, ಎರಡನೆಯ ಜಾತಿಯದು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ, ಎಂಬ ಪದ್ಧತಿಯನ್ನು ಒಂದು ಕುಟುಂಬವು ರೂಢಿಸಿಕೊಂಡರೆ, ಅದು ಯಾವ ಕಾವಲಿಗಿಂತಲೂ ಮಿಗಿಲಾದ ಕಾವಲು. ಆದರೆ ಅದಕ್ಕೆ ನಾವು ತೆರಬೇಕಾದ ಬೆಲೆಯೊಂದುಂಟು. ಗಾಜಿನ ಲೋಟ ಒಡೆದದ್ದನ್ನು ಬಂದು ಹೇಳಿದ ಮಗುವಿಗೆ ಬೆನ್ನ ಮೇಲೆ ಎರಡು ಬಿದ್ದರೆ, ಅದಕ್ಕಿಂತ ದೊಡ್ಡದನ್ನು ಅದು ಹೇಳಲು ಬಾರದು.

ಮನೆಯ ಇಕ್ಕಟ್ಟಿನ ಪ್ರಶ್ನೆಯನ್ನು ಕೆಲವರು ಎತ್ತುತ್ತಾರೆ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮೀನುಗಾರರ ಮನೆಗಳಲ್ಲಿ, ಬಾವಿಕಟ್ಟೆಯ ಬಳಿಯೇ ಸ್ನಾನವಾಗುವ ಹಳ್ಳಿಗಳಲ್ಲಿ ಖಾಸಗಿತನವೆಂಬುದು ಸಿರಿವಂತರ ಮಾತಲ್ಲವೇ ಎಂದು. ಅಲ್ಲ. ಎಂಟು ವರ್ಷದ ಹುಡುಗನು ಬಟ್ಟೆ ಬದಲಿಸುವಾಗ ಆಚೆ ಮುಖ ಮಾಡಿ ನಿಲ್ಲುವುದಕ್ಕೆ ಹಣ ಬೇಡ, ಬಚ್ಚಲಿಗೆ ಅಡ್ಡಕಟ್ಟಿದ ಗೋಣಿಯ ಹೊರಗಿನಿಂದ "ಬರಲಾ?" ಎಂದು ಕೇಳುವುದಕ್ಕೆ ಕದವೇ ಇರಬೇಕಾಗಿಲ್ಲ, ಮುತ್ತು ಬೇಡವೆಂದ ಮೊಮ್ಮಗಳಿಗೆ ಅಜ್ಜನು "ಅಡ್ಡಿಲ್ಲ ಬಿಡು, ನಮಸ್ಕಾರ ಮಾಡು" ಎಂದು ನಗುವುದರಿಂದ ಅವನ ಹಿರಿತನಕ್ಕೆ ಊನವೇನೂ ಬಾರದು. ಮಗುವಿನ 'ಬೇಡ'ವನ್ನು ಮನೆಯೊಳಗೆ ಮನ್ನಿಸಿದರೆ ಮಾತ್ರ ಅದು ಹೊರಗೆ 'ಬೇಡ'ವೆಂದೀತು. ಬಂಡಿಹಬ್ಬದ ಜನಸಂದಣಿಯಲ್ಲಿ, ಬೆಳಗಿನವರೆಗೆ ನಡೆಯುವ ಯಕ್ಷಗಾನದ ಆಟದ ಬಯಲಿನಲ್ಲಿ ಮಕ್ಕಳು ಯಾರ ಜೊತೆಗಿದ್ದಾರೆಂಬ ನಿಗಾ ಎಂದಿನಂತೆ ಇರಲಿ. ಆದರೆ ಜಾಗರೂಕತೆಯ ಭಾರವನ್ನೆಲ್ಲ ಮಗುವಿನ ಹೆಗಲಿಗೆ ಏರಿಸಿ ದೊಡ್ಡವರು ಹಗುರಾಗುವುದು ಅನ್ಯಾಯ. ಕೂಗಬೇಕು, ಓಡಬೇಕು, ಹೇಳಬೇಕು ಎಂದು ಕಲಿಸಿದ ಮೇಲೆಯೂ ಎಷ್ಟೋ ಮಕ್ಕಳು ಆ ಗಳಿಗೆಯಲ್ಲಿ ಸ್ತಂಭೀಭೂತರಾಗುತ್ತಾರೆ. ಕೂಗಲಿಲ್ಲವೆಂಬುದು ಅವರ ದೋಷವಲ್ಲವೆಂಬ ಮಾತನ್ನೂ ಮೊದಲೇ ಹೇಳಿಟ್ಟಿರಬೇಕು.

ಒಂದು ವೇಳೆ ಮಗುವು ಬಂದು ಹೇಳಿದರೆ? ಆಗ ದೊಡ್ಡವರ ಮುಖವೇ ಮೊದಲ ತೀರ್ಪು. ಎದೆ ಬಡಿದುಕೊಂಡರೆ, "ಸುಳ್ಳಾಡಬೇಡ, ಅವರು ಅಂಥವರಲ್ಲ" ಎಂದು ಗದರಿದರೆ, ಬಾಯಿ ಮುಚ್ಚಿಹೋಗುತ್ತದೆ, ಮತ್ತೆ ವರ್ಷಗಟ್ಟಲೆ ತೆರೆಯುವುದಿಲ್ಲ. ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ, ಇನ್ನು ನೋಡಿಕೊಳ್ಳುವುದು ನಮ್ಮ ಕೆಲಸ ಎಂಬಷ್ಟನ್ನು ಶಾಂತಚಿತ್ತದಿಂದ ಹೇಳಿ, ಅದು ತನ್ನ ಮಾತಿನಲ್ಲಿ ಹೇಳಿದಷ್ಟನ್ನು ಕೇಳಿಕೊಳ್ಳಬೇಕು. ಹತ್ತು ಮಂದಿಯ ಮುಂದೆ ಹತ್ತು ಸಲ ಹೇಳಿಸುವುದಾಗಲಿ, ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಗಳನ್ನು ಕೇಳುವುದಾಗಲಿ ಕೂಡದು. ಯಾರಿಗೂ ತಿಳಿಸುವುದಿಲ್ಲವೆಂಬ ಭಾಷೆಯನ್ನು ಕೊಡಕೂಡದು, ಏಕೆಂದರೆ ಅದನ್ನು ಉಳಿಸಿಕೊಳ್ಳುವ ಅಧಿಕಾರವು ಕಾನೂನಿನ ಪ್ರಕಾರ ಯಾರಿಗೂ ಇಲ್ಲ.

ಕಾನೂನೆಂದೊಡನೆ ನಮ್ಮ ಜನಕ್ಕೆ ಕೋರ್ಟು ಕಚೇರಿಯ ಮೆಟ್ಟಿಲು, ಪತ್ರಿಕೆಯಲ್ಲಿ ಹೆಸರು, ಮಗಳ ಮುಂದಿನ ಮದುವೆ ಎಲ್ಲವೂ ಒಟ್ಟಿಗೆ ಕಣ್ಮುಂದೆ ಬರುತ್ತವೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯಿದೆಯನ್ನು ರಚಿಸಿದವರು ಈ ಅಂಜಿಕೆಯನ್ನು ಅರಿತೇ ರಚಿಸಿದ್ದಾರೆ. ಹದಿನೆಂಟು ತುಂಬದ ಗಂಡು ಹೆಣ್ಣು ಮಕ್ಕಳೆಲ್ಲರೂ ಅದರ ರಕ್ಷಣೆಗೆ ಒಳಪಟ್ಟವರು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಸ್ಥಳದಲ್ಲಿಯೋ, ಸಾಧ್ಯವಾದಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು, ಸಮವಸ್ತ್ರ ಧರಿಸದೆ, ತಂದೆತಾಯಿಯರ ಅಥವಾ ಮಗುವು ನಂಬಿದವರ ಸಮಕ್ಷಮದಲ್ಲಿ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಾಲಿಕೆಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ದೂರು ದಾಖಲಾಗಿಲ್ಲವೆಂಬ ನೆಪದಿಂದ ಪರೀಕ್ಷೆಯನ್ನು ನಿಲ್ಲಿಸುವಂತಿಲ್ಲ. ನ್ಯಾಯಾಲಯದಲ್ಲಿ ಆರೋಪಿಯ ಮುಖವನ್ನು ಮಗುವು ನೋಡಬೇಕಾಗಿಲ್ಲ, ವಕೀಲರು ನೇರವಾಗಿ ಅದನ್ನು ಪ್ರಶ್ನಿಸುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಬೇಕು. ಮಗುವಿನ ಹೆಸರು, ಊರು, ಶಾಲೆ ಇವಾವುದನ್ನೂ ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಇವೆಲ್ಲವೂ ಎಲ್ಲ ಕಡೆಗಳಲ್ಲಿ ಅಕ್ಷರಶಃ ಪಾಲನೆಯಾಗುತ್ತಿವೆಯೆಂದು ನಾನು ಹೇಳುತ್ತಿಲ್ಲ. ಕೇಳಿ ಪಡೆಯುವ ಹಕ್ಕು ನಿಮಗಿದೆಯೆಂದು ಹೇಳುತ್ತಿದ್ದೇನೆ.

ಮತ್ತೊಂದು ಕಡೆ, ಇದೇ ಕಾಯಿದೆಯ 19 ಮತ್ತು 21ನೆಯ ಕಲಮುಗಳನ್ನು ಪ್ರತಿಯೊಬ್ಬ ಮುಖ್ಯೋಪಾಧ್ಯಾಯರ ಮೇಜಿನ ಗಾಜಿನ ಕೆಳಗೆ ಇಡಬೇಕಾಗಿದೆ. ಇಂಥ ಅಪರಾಧವು ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದೂ 19ನೆಯ ಕಲಮು ಅಭಯವನ್ನು ಕೊಟ್ಟಿದೆ. ಶಾಲೆಯ ಹೆಸರು ಕೆಡುತ್ತದೆಂದು ಹಿರಿಯರು ನಾಲ್ಕು ಜನ ಕೂಡಿ ರಾಜಿ ಮಾಡಿಸುವ ಪದ್ಧತಿಯು ಇನ್ನು ಶಿಕ್ಷಾರ್ಹ.

ಶಾಲೆಗಳ ಮಾತು ಬಂದಿತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲನ್ನು ತೆರೆದ ಜಿಲ್ಲೆ ಇದು. ಶಿಕ್ಷಣವನ್ನು ನಿರಾಕರಿಸಿದವರ ಜಿಲ್ಲೆಯಲ್ಲ. ಆದರೂ ಈ ಶಿಕ್ಷಣವು ಪ್ರೌಢಶಾಲೆಯವರೆಗೆ ಕಾಯತಕ್ಕದ್ದಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಕೂಡುವ ಅಂಗನವಾಡಿಯೇ ಇದಕ್ಕೆ ಯೋಗ್ಯವಾದ ಮೊದಲ ಪಾಠಶಾಲೆ, ಮತ್ತು ಊರಿನ ತಾಯಂದಿರೆಲ್ಲರ ಪರಿಚಯವಿರುವ ಅಲ್ಲಿನ ಕಾರ್ಯಕರ್ತೆಯೇ ಯೋಗ್ಯಳಾದ ಉಪಾಧ್ಯಾಯಿನಿ. ಸಾಮಗ್ರಿಗೆ ಕೊರತೆಯಿಲ್ಲ: ಚೈಲ್ಡ್‌ಲೈನ್ ಸಂಸ್ಥೆಗಾಗಿ ತಯಾರಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ 'ಕೋಮಲ್' ಎಂಬ ಹತ್ತು ನಿಮಿಷದ ಅನಿಮೇಷನ್ ಚಿತ್ರವು, ಪಕ್ಕದ ಮನೆಯ ಪ್ರೀತಿಯ ಅಂಕಲ್ಲನಿಂದಲೇ ತೊಂದರೆಗೊಳಗಾದ ಹುಡುಗಿಯೊಬ್ಬಳ ಕಥೆಯನ್ನು ಮಕ್ಕಳು ಬೆದರದ ಹಾಗೆ ಹೇಳುತ್ತದೆ, ಬೆಂಗಳೂರಿನಲ್ಲಿ ವೈದ್ಯೆಯರಿಬ್ಬರು 2001ರಲ್ಲಿ ಆರಂಭಿಸಿದ ಎನ್‌ಫೋಲ್ಡ್ ಸಂಸ್ಥೆಯು ಶಿಕ್ಷಕರಿಗೂ ಪೋಷಕರಿಗೂ ಈ ವಿಷಯದಲ್ಲಿ ತರಬೇತಿಯನ್ನು ನೀಡುತ್ತ ಬಂದಿದೆ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸುತ್ತವೆ. ಅಲ್ಲಿ ರಸ್ತೆ, ಶೌಚಾಲಯ, ಆಟದ ಮೈದಾನಗಳ ಜೊತೆಗೆ ಈ ಮಾತಿಗೂ ಅರ್ಧ ಗಂಟೆಯನ್ನು ತೆಗೆದಿಡಬಹುದು.

ಇಷ್ಟನ್ನು ಓದಿದ ತಂದೆತಾಯಿಯರು, ಅಜ್ಜ ಅಜ್ಜಿಯರು ಈ ವಾರವೇ ಒಂದು ಕೆಲಸ ಮಾಡಲಿ: ಏನಾದರೂ ಹೇಳಬೇಕೆನಿಸಿದಾಗ ಯಾರ ಬಳಿ ಹೋಗುತ್ತೀಯೆಂದು ಮಗುವನ್ನೇ ಕೇಳಿ, ಅದು ಹೇಳಿದ ಹೆಸರುಗಳನ್ನು ನೆನಪಿನಲ್ಲಿಡಲಿ, ಮನೆಯ ಹೊರಗಿನ ಒಂದು ಹೆಸರಾದರೂ ಅದರಲ್ಲಿರಲಿ. ಆ ಹೆಸರುಗಳ ಜೊತೆಗೆ ಒಂದು ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಲಿ: 1098. ಅದು ಮಕ್ಕಳ ಸಹಾಯವಾಣಿ. ಹಗಲೂ ರಾತ್ರಿಯೂ ಎತ್ತುತ್ತಾರೆ, ಕರೆಗೆ ದುಡ್ಡಿಲ್ಲ, ದೊಡ್ಡವರ ಅನುಮತಿಯಿಲ್ಲದೆ ಮಗುವೇ ಕರೆ ಮಾಡಬಹುದು.